ಊಟದ ನಂತರದ ಪಿರಿಯಡ್ ಮತ್ತು ಶೌಚಾಲಯದ ಚಿಲಕ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಗಣಿತ ಕಲಿಸುತ್ತೇನೆ. ಜೂನ್‌ನಲ್ಲಿ ಟೈಮ್ ಟೇಬಲ್ ಬಂದ ಕೂಡಲೇ ನಾವೆಲ್ಲ ಮೊದಲು ನೋಡುವುದು ಒಂದೇ: ಊಟದ ನಂತರದ ಪಿರಿಯಡ್ ಯಾರ ತಲೆಗೆ ಬಿತ್ತು ಅಂತ. ಗಣಿತಕ್ಕೆ ಬಿದ್ದರೆ ಕಥೆ ಮುಗೀತು.

'ಹೊಟ್ಟೆ ತುಂಬಿದೆ, ಅದಕ್ಕೇ ತೂಕಡಿಕೆ' ಅಂತ ಸ್ಟಾಫ್ ರೂಮಿನಲ್ಲಿ ಹೇಳುವುದುಂಟು. ಪೂರ್ತಿ ನಿಜ ಅಲ್ಲ. ಮಧ್ಯಾಹ್ನದ ಹೊತ್ತಿಗೆ ದೇಹದ ಚುರುಕು ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಊಟ ಬಿಟ್ಟವರಿಗೂ. ಆದರೆ ಕೆಲವು ಮಕ್ಕಳು ಮಾತ್ರ ಅಷ್ಟು ಸುಸ್ತಾಗುವುದು ಯಾಕೆ? ಬೈಯುವ ಬದಲು ಕೇಳತೊಡಗಿದೆ. ಬೆಳಿಗ್ಗೆ ಏನು ತಿಂದೆ? ರಾತ್ರಿ ಯಾವಾಗ ಮಲಗಿದೆ? ನೀರು ಕುಡಿದೆಯಾ?

ತಿಂಡಿಯ ಉತ್ತರ ಹೆಚ್ಚುಕಡಿಮೆ ಒಂದೇ. 'ಬಸ್ ತಪ್ತದೆ ಟೀಚರ್.' ಒಳಗಿನ ಊರಿನಿಂದ ಬರುವವರು ಚಾ ಕುಡಿದು ಓಡುತ್ತಾರೆ. ಮದ್ರಸಕ್ಕೆ ಹೋಗುವವರು ಇನ್ನೂ ಬೇಗ ಎದ್ದಿರುತ್ತಾರೆ. 2025ರಿಂದ ಕೇರಳದಲ್ಲಿ ಹೈಸ್ಕೂಲ್ ಶುರುವಾಗುವುದು ಕಾಲು ಗಂಟೆ ಮೊದಲೇ, 9.45ಕ್ಕೆ. ಆ ಕಾಲು ಗಂಟೆ ಹೋದದ್ದು ತಿಂಡಿಯ ತಟ್ಟೆಯಿಂದಲೇ. ಸರ್ಕಾರದ ಬಿಸಿಯೂಟ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತು, ಹತ್ತರವರು ಬುತ್ತಿ ತರಬೇಕು. ತರದವರಿಗೆ ಅಂಗಡಿಯ ಹತ್ತು ರೂಪಾಯಿಯ ಪ್ಯಾಕೆಟ್ಟೇ ಊಟ. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ ಹಾಕಿ ಉಂಡು ಬಾ, ಅಷ್ಟು ಸಾಕು ಅಂತ ನಾನು ಹೇಳುವುದು. ಅದಕ್ಕೆ ಒಲೆ ಹಚ್ಚುವುದೂ ಬೇಡ.

ನೀರಿನ ವಿಷಯ ಮಾತ್ರ ನಾನು ಎಣಿಸಿದ ಹಾಗಿರಲಿಲ್ಲ. ಹುಡುಗಿಯರ ಬಾಟಲಿ ಸಂಜೆಯೂ ತುಂಬಿಯೇ ಇರುತ್ತಿತ್ತು. ಮರೆವು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಒಬ್ಬಳು ಮೆಲ್ಲ ಹೇಳಿದಳು: 'ಕುಡಿದರೆ ಹೋಗಬೇಕಾಗ್ತದಲ್ಲ ಟೀಚರ್.' ಶೌಚಾಲಯದ ಎರಡು ಬಾಗಿಲಿಗೆ ಚಿಲಕ ಇರಲಿಲ್ಲ, ಒಂದರಲ್ಲಿ ನೀರಿರಲಿಲ್ಲ. ಮುಟ್ಟಿನ ದಿನಗಳಲ್ಲಂತೂ ಗಂಟಲು ಒಣಗಿದರೂ ಗುಟುಕು ನೀರಿಲ್ಲ. 2024ರ ಬೇಸಿಗೆಯಲ್ಲಿ ಸರ್ಕಾರ ಶಾಲೆಗಳಲ್ಲಿ ನೀರು ಕುಡಿಯಲು ನೆನಪಿಸುವ ವಾಟರ್ ಬೆಲ್ ಶುರು ಮಾಡಿತು, ಒಳ್ಳೆಯದೇ. ಆದರೆ ಚಿಲಕ ಇಲ್ಲದಿದ್ದರೆ ಬೆಲ್ ಹೊಡೆದು ಏನು ಪ್ರಯೋಜನ? ಪಿಟಿಎ (ಹೆತ್ತವರು-ಶಿಕ್ಷಕರ ಸಂಘ) ಮೀಟಿಂಗಿನಲ್ಲಿ ಎತ್ತಿದ್ದಕ್ಕೆ ಹುಡುಗಿಯರ ತಾಯಂದಿರೇ ಬೆನ್ನು ಹಿಡಿದರು. ಚಿಲಕ ಬಂತು, ನೀರೂ ಬಂತು. ಬಾಟಲಿಗಳು ಖಾಲಿಯಾಗತೊಡಗಿದ್ದು ಅದರ ನಂತರ.

ಇನ್ನು ನಿದ್ದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ, ಮೇಲೆ ಮೊಬೈಲು. ಮೊಬೈಲನ್ನು ಬೈಯುವುದು ಸುಲಭ. ಎಸ್‌ಎಸ್‌ಎಲ್‌ಸಿಯವರನ್ನು ಸಂಜೆ ಸ್ಪೆಷಲ್ ಕ್ಲಾಸಿಗೆ ಕೂರಿಸುವವರು ನಾವೇ ಅಲ್ವಾ!

ಎಲ್ಲ ಸರಿಯಿದ್ದೂ ಮಗು ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಅದಕ್ಕೇ ಎಷ್ಟೋ ಮಾತ್ರೆ ಕಿಟಕಿಯಿಂದ ಹೊರಗೆ ಹೋಗುತ್ತದೆ. ಈಗ ಊಟ ಆದಮೇಲೆ, ನಮ್ಮೆದುರೇ ನುಂಗಬೇಕು. ಅದರ ಜೊತೆಗೆ ಚಾ ಬೇಡ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ನೆಲ್ಲಿಕಾಯಿ ಆದೀತು.

ನನ್ನ ಪಾಠವೂ ಸ್ವಲ್ಪ ಬದಲಾಗಿದೆ. ಊಟದ ನಂತರ ಹೊಸ ಪಾಠ ಶುರು ಮಾಡುವುದಿಲ್ಲ. ನಾಲ್ಕು ನಾಲ್ಕು ಜನ ಎದ್ದು ಬಂದು ಬೋರ್ಡಿನಲ್ಲಿ ಲೆಕ್ಕ ಬಿಡಿಸಬೇಕು, ಕೂತವರು ತಪ್ಪು ಹುಡುಕಬೇಕು. ಗಲಾಟೆ ಜಾಸ್ತಿ, ನಿದ್ದೆ ಕಡಿಮೆ. ಪೋರ್ಷನ್ ಮುಗಿಸಲು ಪಿ.ಟಿ. ಪಿರಿಯಡ್ ಕೇಳುವುದನ್ನೂ ಬಿಟ್ಟಿದ್ದೇನೆ. ಪಕ್ಕದ ಕ್ಲಾಸಿನ ಮಾಷ್ಟ್ರಿಗೆ ಇದು ಅಷ್ಟು ಹಿಡಿಸಿಲ್ಲ. 'ಫೆಬ್ರವರಿ ಬರಲಿ, ಪರೀಕ್ಷೆ ಹತ್ತಿರ ಬಂದಾಗ ನೋಡುವ' ಅನ್ನುತ್ತಾರೆ.