ಸಪ್ತರ್ಷಿ ಮಂಡಲ ಯಾಕೆ ಸೊಟ್ಟಗಿದೆ?

ಮಗುವನ್ನು ಎದೆಗೋ ಬೆನ್ನಿಗೋ ಕಟ್ಟಿಕೊಳ್ಳುವ ನೇಯ್ದ ಬಟ್ಟೆಗಳಿಗೆ, ಅಂದರೆ ಈಗ ಎಲ್ಲರೂ ಬೇಬಿ ರ‍್ಯಾಪ್ ಎನ್ನುವ ವಸ್ತುವಿಗೆ, ನಾನು ವಿನ್ಯಾಸ ಮಾಡುತ್ತೇನೆ. ಅವುಗಳಲ್ಲಿ ಹೆಚ್ಚಿನವು ಪುರಾಣದಲ್ಲಿ ಕಥೆಯಿರುವ ನಕ್ಷತ್ರಗಳವು. ನೋಡಿದವರಲ್ಲಿ ಆಕಾಶ ಬಲ್ಲವರು ತಪ್ಪದೆ ಕೇಳುತ್ತಾರೆ: "ಇದು ಸಪ್ತರ್ಷಿ ಮಂಡಲ ತಾನೇ? ಮೇಲೆ ಕಾಣುವ ಹಾಗೆ ಯಾಕಿಲ್ಲ? ನಕ್ಷೆಯನ್ನು ಹಾಗೆಯೇ ಅಚ್ಚು ಹಾಕಿಸಿದರೆ ಆಗುತ್ತಿರಲಿಲ್ಲವೇ?"

ಅಚ್ಚಿನ ವಿಷಯ ಬೇಗ ಮುಗಿಯುತ್ತದೆ. ಅಚ್ಚು ಬಟ್ಟೆಯ ಒಂದೇ ಮೈಗೆ ಹತ್ತುತ್ತದೆ. ಈ ಬಟ್ಟೆಯನ್ನು ಸುತ್ತುವಾಗ, ತಿರುಚುವಾಗ ಎರಡೂ ಮೈ ಹೊರಗೆ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ನೇಯ್ಗೆಯಲ್ಲೇ ಮೂಡಿದ ಚಿತ್ತಾರ ಬಟ್ಟೆಗೆ ಸಣ್ಣ ಉಬ್ಬುತಗ್ಗುಗಳನ್ನು ಕೊಡುತ್ತದೆ, ಆ ಉಬ್ಬುತಗ್ಗಿನಿಂದಲೇ ಒಂದು ಸುತ್ತು ಇನ್ನೊಂದರ ಮೇಲೆ ಜಾರದೆ ಕೂರುತ್ತದೆ.

ಸೊಟ್ಟತನಕ್ಕೆ ಕಾರಣ ಹಾಸು ಮತ್ತು ಹೊಕ್ಕು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಮತ್ತು ಅವುಗಳ ನಡುವೆ ಅಡ್ಡಲಾಗಿ ಹಾಯುವ ಎಳೆಗಳು. ನಾನು ಬಳಸುವ ಹತ್ತಿ ನೂಲಿನಲ್ಲಿ ಒಂದು ಸೆಂಟಿಮೀಟರಿಗೆ 20 ಹಾಸಿನ ಎಳೆಗಳು ಮತ್ತು 16 ಹೊಕ್ಕಿನ ಎಳೆಗಳು ಬರುತ್ತವೆ. ಚೌಕುಳಿ ಕಾಗದದ ಮೇಲೆ ದುಂಡಗೆ ಬಿಡಿಸಿದ್ದು ಮಗ್ಗದಿಂದ ಇಳಿಯುವಾಗ ಉದ್ದವಾಗಿರುತ್ತದೆ, ಮೊದಲ ಒಗೆತದಲ್ಲಿ ಕುಗ್ಗಿ ಮತ್ತೊಂದು ಆಕಾರ ತಾಳುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಸರಿಪಡಿಸಬಹುದು. ಸರಿಪಡಿಸಲಾಗದ್ದು ಅರುಂಧತಿ. ಒಂದು ತುದಿಯ ಮರೀಚಿಯಿಂದ ಇನ್ನೊಂದು ತುದಿಯ ಕ್ರತುವಿನವರೆಗೆ ಸಪ್ತರ್ಷಿ ಮಂಡಲ ಆಕಾಶದಲ್ಲಿ ಸುಮಾರು 25 ಡಿಗ್ರಿ ಹರಡಿದೆ. ವಸಿಷ್ಠನಿಗೂ ಅರುಂಧತಿಗೂ ನಡುವೆ ಒಂದು ಡಿಗ್ರಿಯ ಐದನೇ ಒಂದು ಭಾಗ ಮಾತ್ರ. ಮಂಡಲವನ್ನು 50 ಸೆಂಟಿಮೀಟರಿನಲ್ಲಿ ಬಿಡಿಸಿದರೆ ಆ ಅಂತರ ನಾಲ್ಕು ಮಿಲಿಮೀಟರು, ಅಂದರೆ ಎಂಟು ಎಳೆ. ನಕ್ಷತ್ರವೆಂದು ಗುರುತಿಸಲು ಬರುವ ಅತಿ ಚಿಕ್ಕ ಚುಕ್ಕೆಗೇ ಎಂಟು ಎಳೆ ಬೇಕು. ಮದುವೆಯಲ್ಲಿ ತೋರಿಸುವ ಆ ದಂಪತಿ ನನ್ನ ಮೊದಲ ಮಾದರಿಯಲ್ಲಿ ಒಂದೇ ಬಿಳಿ ಗಂಟಾಗಿ ಬಂದರು. ಕೊನೆಗೆ ಅರುಂಧತಿಯನ್ನು ಒಂದೂವರೆ ಸೆಂಟಿಮೀಟರ್ ಆಚೆ ಕೂರಿಸಿದೆ. ಖಗೋಳದ ಲೆಕ್ಕದಲ್ಲಿ ಇದು ಶುದ್ಧ ಸುಳ್ಳು.

ಅದೇ ಮಾದರಿಯಲ್ಲಿ ಇನ್ನೂ ದೊಡ್ಡ ತಪ್ಪಿತ್ತು. ಏಳು ದೊಡ್ಡ ನಕ್ಷತ್ರಗಳನ್ನು ಒಂದು ಅಂಚಿಗೆ ಒತ್ತಾಗಿ ಇಟ್ಟು, ಉಳಿದರ್ಧವನ್ನು ಬರಿಯ ಕಪ್ಪು ರಾತ್ರಿಯಾಗಿ ಬಿಟ್ಟಿದ್ದೆ. ಕಣ್ಣಿಗೆ ಬಹಳ ಚೆನ್ನಾಗಿತ್ತು. ಕಟ್ಟಿ ನೋಡಿದರೆ ಒಂದು ಅಂಚು ಬಿಗಿ, ಇನ್ನೊಂದು ಜೋಲು, ಏಕೆಂದರೆ ಚಿತ್ತಾರವಿರುವ ಕಡೆ ಮತ್ತು ಇಲ್ಲದ ಕಡೆ ನೂಲು ಒಂದೇ ಸಮನಾಗಿ ಎಳೆದುಕೊಳ್ಳುವುದಿಲ್ಲ. ಪುಣ್ಯಕ್ಕೆ ಒಳಗಿದ್ದದ್ದು ಅಕ್ಕಿ ತುಂಬಿದ ಚೀಲ, ಕೂಸಲ್ಲ. ಅಂದಿನಿಂದ ಇಡೀ ಬಟ್ಟೆಯ ಮೇಲೆ ಹೆಸರಿಲ್ಲದ ಪುಟ್ಟ ನಕ್ಷತ್ರಗಳನ್ನು ಎರಚುತ್ತೇನೆ. ಅವು ಯಾವ ಪಟದಲ್ಲೂ ಸಿಗುವುದಿಲ್ಲ. ಎಳೆತ ಸಮವಾಗಿರಲೆಂದು ಇರುವಂಥವು. ಹೊಕ್ಕಿನ ಎಳೆ ಐದಕ್ಕಿಂತ ಹೆಚ್ಚು ಹಾಸನ್ನು ದಾಟಲು ಬಿಡುವುದಿಲ್ಲ. ಬಿಟ್ಟರೆ ಕೂಸಿನ ಉಗುರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟು ತಿದ್ದುವುದಾದರೆ ಪುರಾಣವೇ ಯಾಕೆ ಎಂದು ಕೇಳಬಹುದು. ಮಹಾಭಾರತದ ವನಪರ್ವದಲ್ಲಿ ಸ್ವಾಹಾದೇವಿ ಅಗ್ನಿಗಾಗಿ ಆರು ಋಷಿಪತ್ನಿಯರ ರೂಪ ತಾಳುತ್ತಾಳೆ, ಅರುಂಧತಿಯ ರೂಪವೊಂದನ್ನು ತಾಳಲಾರದೆ ಹೋಗುತ್ತಾಳೆ. ಮಾಡದ ತಪ್ಪಿಗೆ ಗಂಡಂದಿರಿಂದ ಪರಿತ್ಯಕ್ತರಾದ ಆ ಆರು ಮಂದಿ, ಸ್ವಾಹೆಗೂ ಅಗ್ನಿಗೂ ಹೀಗೆ ಹುಟ್ಟಿದ ಸ್ಕಂದನ ಬಳಿ ಬಂದು, ತಮ್ಮನ್ನು ತಾಯಂದಿರೆಂದು ಒಪ್ಪಿಕೊಳ್ಳೆಂದು ಕೇಳುತ್ತಾರೆ, ಮುಂದೆ ಕೃತ್ತಿಕೆಯರಾಗಿ ಆಕಾಶ ಸೇರುತ್ತಾರೆ. ಹೆರದೆ ತಾಯಂದಿರಾದವರ ಈ ಕಥೆ ಮಗು ಕಟ್ಟುವ ಬಟ್ಟೆಗೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಅನ್ನಿಸಿತು, ಈ ಬಟ್ಟೆಯನ್ನು ಅಜ್ಜಿ, ಅಪ್ಪ, ದತ್ತು ಪಡೆದವರು ಎಲ್ಲರೂ ಕಟ್ಟುತ್ತಾರಲ್ಲ. ಹಾಗಾಗಿ ಒಂದು ಅಂಚಿನಲ್ಲಿ ಸಪ್ತರ್ಷಿಗಳೂ ಅರುಂಧತಿಯೂ, ಇನ್ನೊಂದು ಅಂಚಿನಲ್ಲಿ ಆರು ಕೃತ್ತಿಕೆಯರು. ಕೃತ್ತಿಕೆ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಗುಚ್ಛವೆಂದು ದೂರದರ್ಶಕದವರು ನನ್ನನ್ನು ತಿದ್ದುತ್ತಾರೆ. ಬರಿಗಣ್ಣಿಗೆ ಸುಲಭವಾಗಿ ಸಿಗುವುದು ಆರೇ, ಸ್ಕಂದನಿಗೆ ಮುಖಗಳೂ ಆರೇ.

ಬಣ್ಣದಲ್ಲಿ ನಾನು ಸೋತೆ. ಕಸೂತಿ ಹಾಕುವ ಚಂದ್ರಕಾಳಿ ಸೀರೆಯ ಆಳವಾದ ಕಪ್ಪು ನನ್ನ ಮನಸ್ಸಿನಲ್ಲಿತ್ತು, ಅದಕ್ಕಾಗಿ ಹಾಸನ್ನು ನೀಲಿಯಲ್ಲಿ, ಅಂದರೆ ಇಂಡಿಗೋ ಬಣ್ಣದಲ್ಲಿ, ಕಪ್ಪಾಗುವಷ್ಟು ಮತ್ತೆ ಮತ್ತೆ ಅದ್ದಿಸಿದೆ. ನೀಲಿಗೆ ಉಜ್ಜಿದರೆ ಬಿಡುವ ಗುಣವಿದೆ, ಕೂಸುಗಳಿಗೆ ಅಂಚನ್ನು ಬಾಯಿಗಿಟ್ಟು ಚೀಪುವ ಗುಣವಿದೆ. ಒಂದು ಸಂಜೆ ಬಿಳಿ ರವಿಕೆಯೊಂದು ಕಲೆಯಾದ ಮೇಲೆ ನೂಲಿನೊಂದಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಕ್ಕೆ ಬದಲಾಯಿಸಿದೆ. ಈಗ ಹಾಸು ಕಪ್ಪು, ಹೊಕ್ಕು ಬಿಳಿ: ಒಂದು ಮೈ ಕಪ್ಪು ಆಕಾಶ, ತಿರುಗಿಸಿದರೆ ಬಿಳಿಯ ಮೇಲೆ ಕಪ್ಪು ಚುಕ್ಕೆಗಳು. ಮನೆಯಲ್ಲಿ ಅದನ್ನು ಹಗಲಿನ ಮೈ ಎನ್ನುತ್ತೇವೆ.

ಹೊಲಗದ್ದೆಗಳಲ್ಲಿ ದುಡಿಯುವ ನಮ್ಮ ಹೆಂಗಸರು ಹಳೆಯ ಸೀರೆಯಲ್ಲೇ ಕೂಸನ್ನು ಬೆನ್ನಿಗೆ ಕಟ್ಟಿಕೊಂಡವರು, ಆ ಸೀರೆಗೆ ಯಾವ ವಿನ್ಯಾಸಗಾರರೂ ಬೇಕಿರಲಿಲ್ಲ. ಜರ್ಮನಿಯಲ್ಲಿ ಎರಿಕಾ ಹಾಫ್‌ಮನ್ ಎಂಬ ತಾಯಿ ಅವಳಿ ಮಕ್ಕಳನ್ನು ಶಾಲಿನಲ್ಲಿ ಹೊತ್ತು, 1972ರಲ್ಲಿ ಡಿಡಿಮೋಸ್ ಎಂಬ ಸಂಸ್ಥೆ ಕಟ್ಟಿದರು. ಗ್ರೀಕಿನಲ್ಲಿ ಆ ಪದಕ್ಕೆ ಅವಳಿ ಎಂದೇ ಅರ್ಥ. ನಮ್ಮ ಕಸುಬು ಬೆಳೆದದ್ದು ಆ ಕಡೆಯಿಂದ.

ಧ್ರುವನನ್ನು ಮಾತ್ರ ನಾನು ಸರಿಸಿಲ್ಲ. ತಂದೆಯ ತೊಡೆಯ ಮೇಲೆ ಜಾಗ ಸಿಗದ ಹುಡುಗ ಅವನು. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆಯನ್ನು ಕಟ್ಟುವವರು ಮೊದಲು ಅದರ ನಟ್ಟನಡುವನ್ನು ಹುಡುಕಬೇಕು, ಏಕೆಂದರೆ ಕೂಸಿನ ಬೆನ್ನು ಬರುವುದು ಅಲ್ಲಿಗೇ, ಎರಡೂ ತುದಿಗಳು ಸಮನಾಗಿ ಸುತ್ತಿಗೆ ಒದಗುವುದೂ ಅಲ್ಲಿಂದಲೇ. ಆ ಮಧ್ಯದಲ್ಲಿ, ಅಂಚಿಗೆ ತಾಗಿದಂತೆ, ದಪ್ಪ ಹೊಕ್ಕಿನಲ್ಲಿ ಧ್ರುವನನ್ನು ನೇಯಿಸುತ್ತೇನೆ. ರಾತ್ರಿ ಮೂರು ಗಂಟೆಗೆ ದೀಪ ಹಾಕದೆಯೂ ಹೆಬ್ಬೆರಳಿಗೆ ಸಿಗುವಷ್ಟು ಅವನು ಉಬ್ಬಿರುತ್ತಾನೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಒಗೆದು, ಒಣಗಿಸಿ, ಕುಗ್ಗಿಸಿದ ಮೇಲೆ ತುದಿಗಳನ್ನು ಮಡಚಿ ಹೊಲಿಯಬೇಕಾಗುತ್ತದೆ. ಆಗ ಅಳತೆಯ ಟೇಪನ್ನು ಹಿಡಿಯುವುದು ಆ ನಕ್ಷತ್ರದಿಂದಲೇ, ಈ ಕಡೆಗೆ ಎರಡೂಕಾಲು ಮೀಟರು, ಆ ಕಡೆಗೆ ಎರಡೂಕಾಲು ಮೀಟರು.