ಒಂದೇ ತಳಿ, ಒಂದೇ ಕೋಣೆ, ಎರಡು ಥರದ ಟೊಮೆಟೊ

ಹಾಸನದ ಹತ್ತಿರ ಒಂದು ತರಕಾರಿ ಸಂಗ್ರಹ ಕೇಂದ್ರದಲ್ಲಿ ನಾನು ಗ್ರೇಡಿಂಗ್ ನೋಡಿಕೊಳ್ಳುತ್ತೇನೆ. ಜಾವಗಲ್, ಹಳೇಬೀಡು, ಅರಸೀಕೆರೆ ಕಡೆಯಿಂದ ಟೊಮೆಟೊ ಬರುತ್ತದೆ. ಕ್ರೇಟ್ ಇಳಿಸುವುದರಿಂದ ಹಿಡಿದು ಕೋಲ್ಡ್ ರೂಮ್ ಬಾಗಿಲು ಹಾಕುವವರೆಗೆ ನನ್ನ ಜವಾಬ್ದಾರಿ. ಹಣ್ಣು ಎಷ್ಟು ದಿನ ಬಾಳುತ್ತದೆ ಅನ್ನುವುದು ಆ ಕೋಣೆಯ ಕೈಯಲ್ಲಿದೆ ಅಂತ ಮೊದಲ ವರ್ಷ ನಂಬಿದ್ದೆ.

ಒಂದು ಫೆಬ್ರವರಿಯಲ್ಲಿ ಒಂದೇ ದಿನ ಎರಡು ಲೋಡ್ ಬಂದವು. ಎರಡೂ ಅರ್ಕಾ ರಕ್ಷಕ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಇದು. ಎಲೆ ಮುಟುರು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರೂ ರೋಗಗಳನ್ನು ತಡೆದುಕೊಳ್ಳುತ್ತದೆ, ಹಣ್ಣೂ ಗಟ್ಟಿ. ಎರಡರಲ್ಲೂ ಬಹುಪಾಲು ದೋರಗಾಯಿ. ಅಕ್ಕಪಕ್ಕವೇ ಜೋಡಿಸಿಟ್ಟೆ. ಐದನೇ ದಿನ ನೋಡಿದರೆ ಒಂದು ಲೋಡ್ ಬಂದ ಹಾಗೇ ಇದೆ. ಇನ್ನೊಂದರಲ್ಲಿ ಕ್ರೇಟಿಗೆ ಐದಾರು ಹಣ್ಣು ಕೊಳೆತು, ರಸ ಕೆಳಗಿನ ಕ್ರೇಟಿಗೆ ಇಳಿಯುತ್ತಿದೆ.

ತಂಪು ಸಾಲದು ಅಂದುಕೊಂಡೆ. 13 ಡಿಗ್ರಿ ಇದ್ದದ್ದನ್ನು 5ಕ್ಕೆ ಇಳಿಸಿದೆ. ಯಾರನ್ನೂ ಕೇಳಲಿಲ್ಲ. ಒಂದು ವಾರ ಕೊಳೆಯುವುದು ಕಡಿಮೆಯಾದ ಹಾಗೆ ಕಂಡಿತು. ಹೊರಗೆ ತೆಗೆದ ಮೇಲೆ ಗೊತ್ತಾಯಿತು. ಕಾಯಿ ಸರಿಯಾಗಿ ಕೆಂಪಾಗಲೇ ಇಲ್ಲ. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳಿ, ಒಳಗೆ ಹಿಟ್ಟು ಹಿಟ್ಟು, ರುಚಿಯೇ ಇಲ್ಲ. ಟೊಮೆಟೊ ಚಳಿ ತಡೆಯುವ ಬೆಳೆ ಅಲ್ಲ. ದೋರಗಾಯಿಯನ್ನು 12–13 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಅದು ಸರಿಯಾಗಿ ಹಣ್ಣಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪೂರ್ತಿ ಕೆಂಪಾದ ಹಣ್ಣಾದರೆ 8–10 ಡಿಗ್ರಿಯನ್ನು ಕೆಲವು ದಿನ ತಾಳುತ್ತದೆ. ಚೆನ್ನಾಗಿದ್ದ ಲೋಡನ್ನೂ ನನ್ನ ಕೈಯಾರೆ ಕೆಡಿಸಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ.

ಮುಂದಿನ ಭಾನುವಾರ ಎರಡೂ ಹೊಲಕ್ಕೆ ಹೋದೆ. ಗಟ್ಟಿ ಹಣ್ಣು ಬಂದದ್ದು ಹಳೇಬೀಡಿನ ಹತ್ತಿರದ ಹೊಲದಿಂದ. ಡ್ರಿಪ್ (ಹನಿ ನೀರಾವರಿ) ಇತ್ತು, ಮಣ್ಣು ಮುಚ್ಚುವ ಮಲ್ಚಿಂಗ್ ಪೇಪರ್ ಹಾಸಿದ್ದರು. ಕಡ್ಡಿ ನೆಟ್ಟು ದಾರ ಎಳೆದಿದ್ದರಿಂದ ಒಂದು ಹಣ್ಣೂ ನೆಲ ಮುಟ್ಟಿರಲಿಲ್ಲ. ಆದರೆ ಗಿಡ ಸಾಧಾರಣ. ಜಾವಗಲ್ ದಾಟಿ ಇದ್ದ ಇನ್ನೊಂದು ಹೊಲದ ಗಿಡವೇ ನನ್ನ ಕಣ್ಣಿಗೆ ಚೆನ್ನಾಗಿ ಕಂಡಿತು. ಆಳೆತ್ತರ ಬೆಳೆದು ಎಲೆ ಕಪ್ಪು ಹಸಿರಾಗಿತ್ತು. ಯೂರಿಯಾ ಜಾಸ್ತಿಯಾದ ಗುರುತು ಅದು ಅಂತ ನನಗೆ ಆಗ ಗೊತ್ತಿರಲಿಲ್ಲ.

"ಯಜಮಾನ್ರೇ, ಕೊನೇ ಸಲ ನೀರು ಯಾವಾಗ ಬಿಟ್ರಿ?"

"ಕೀಳೋ ಹಿಂದಿನ ರಾತ್ರಿ ಕಣವ್ವ. ಅದಕ್ಕೆ ಮುಂಚೆ ಎಂಟು ದಿನ ಮೋಟ್ರು ಸುಟ್ಟೋಗಿತ್ತು. ಗಿಡ ಬಾಡ್ತಿತ್ತು. ತೂಕಾನೂ ಬರಬೇಕಲ್ಲ?"

ಉತ್ತರ ಅಲ್ಲೇ ಇತ್ತು. ಎಂಟು ದಿನ ಒಣಗಿದ ಗಿಡಕ್ಕೆ ಒಮ್ಮೆಗೇ ನೀರು ಸಿಕ್ಕರೆ ಹಣ್ಣಿನ ಒಳಗೆ ನೀರು ನುಗ್ಗುತ್ತದೆ. ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ತೊಟ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನಮ್ಮ ಗ್ರೇಡಿಂಗ್ ಮೇಜಿನ ಮೇಲೆ ಅದು ಕಾಣುವುದೇ ಇಲ್ಲ, ಬೂಷ್ಟಿಗೆ ಮಾತ್ರ ಅದೇ ಬಾಗಿಲು.

ಕ್ಯಾಲ್ಸಿಯಂ ವಿಷಯ ಇನ್ನೂ ಮುಖ್ಯ. ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಬಿಗಿಯಾಗಿ ಹಿಡಿಯುವುದು ಅದೇ. ಬೇರಿನಿಂದ ನೀರಿನ ಜೊತೆಯಲ್ಲೇ ಅದು ಮೇಲೆ ಬರಬೇಕು. ಎಲೆಗಳು ನೀರನ್ನು ಜಾಸ್ತಿ ಆವಿ ಮಾಡುತ್ತವೆ, ಹಾಗಾಗಿ ಕ್ಯಾಲ್ಸಿಯಂ ಮೊದಲು ಎಲೆಗೆ ಹೋಗುತ್ತದೆ. ಹಣ್ಣಿಗೆ ಸಿಗುವುದು ಉಳಿದ ಚೂರು. ಯೂರಿಯಾ ಸುರಿದು ಎಲೆ ಬೆಳೆಸಿದರೆ, ಮೇಲಿಂದ ನೀರೂ ಏರುಪೇರಾದರೆ, ಆ ಚೂರೂ ಇಲ್ಲ. ತೀರಾ ಕಡಿಮೆಯಾದಾಗ ಕಾಯಿಯ ತಳ ಕಪ್ಪಾಗುತ್ತದೆ. ಅದು ಎಲ್ಲರಿಗೂ ಕಾಣುತ್ತದೆ. ಸ್ವಲ್ಪ ಕಡಿಮೆಯಾದಾಗ ಹೊರಗೆ ಏನೂ ಕಾಣದೆ ಹಣ್ಣು ಬೇಗ ಮೆತ್ತಗಾಗುತ್ತದೆ. ನನ್ನ ಕೋಣೆಯಲ್ಲಿ ಬಿರುಕಿನ ಜೊತೆ ಇದೂ ಆಗಿತ್ತು ಅಂತ ಅನ್ನಿಸುತ್ತದೆ. ಪೊಟ್ಯಾಷ್ ಕಡಿಮೆಯಾದರೆ ಬೇರೆ ತೊಂದರೆ, ಹಣ್ಣಿನ ಭುಜ, ಅಂದರೆ ತೊಟ್ಟಿನ ಸುತ್ತಲ ಭಾಗ, ಹಳದಿಯಾಗಿಯೇ ಉಳಿದು ಬಣ್ಣ ಒಂದೇ ಸಮ ಬರುವುದಿಲ್ಲ.

ಆದರೆ ಆ ಯಜಮಾನರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾವು ಕೊಡುವುದು ತೂಕಕ್ಕೆ ದುಡ್ಡು. ಕೊಯ್ಲಿಗೆ ಮುಂಚೆ ನೀರು ಕಡಿಮೆ ಮಾಡಿದರೆ ಹಣ್ಣಿನ ಸಿಹಿ, ಹುಳಿ ಗಟ್ಟಿಯಾಗುತ್ತದೆ, ಬಾಳಿಕೆಯೂ ಬರುತ್ತದೆ. ತೂಕ ಮಾತ್ರ ಇಳಿಯುತ್ತದೆ. ಆ ನಷ್ಟ ಅವರೊಬ್ಬರೇ ಯಾಕೆ ಹೊರಬೇಕು, ಅಲ್ವಾ? ಇದನ್ನು ನಮ್ಮ ಕೇಂದ್ರದಲ್ಲಿ ಮೂರು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ಗಟ್ಟಿ ಹಣ್ಣಿಗೆ ಬೇರೆ ದರ ಹಾಕಲು ಒಪ್ಪಿದರು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಅದು.

ಈಗ ಲೋಡ್ ಬಂದಾಗ ಹಣ್ಣು ಮುಟ್ಟುವ ಮೊದಲು ಕೇಳುತ್ತೇನೆ. ನೀರು ಯಾವಾಗ ಬಿಟ್ಟಿರಿ, ಕೊನೆಗೆ ಯಾವ ಗೊಬ್ಬರ ಕೊಟ್ಟಿರಿ, ಎಷ್ಟು ಹೊತ್ತಿಗೆ ಕಿತ್ತಿರಿ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತದ್ದಾದರೆ ಮೊದಲು ನೆರಳಲ್ಲಿ ಹರಡಿಸುತ್ತೇನೆ. ಬಿಸಿ ಹಣ್ಣನ್ನು ತಣ್ಣೀರಲ್ಲಿ ಮುಳುಗಿಸಲು ಬಿಡುವುದಿಲ್ಲ, ತೊಟ್ಟಿನ ಗಾಯದಿಂದ ಅದು ಕೊಳೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಂಪು ಹಣ್ಣನ್ನೂ ದೋರಗಾಯಿಯನ್ನೂ ಒಂದೇ ಕ್ರೇಟಿಗೆ ಹಾಕಿಸುವುದಿಲ್ಲ. ಹಣ್ಣಾದದ್ದು ಬಿಡುವ ಎಥಿಲೀನ್ ಅನಿಲ ಪಕ್ಕದ ಕಾಯಿಯನ್ನೂ ಬೇಗ ಹಣ್ಣು ಮಾಡುತ್ತದೆ.

ಜಾವಗಲ್‌ನ ಯಜಮಾನರು ಮುಂದಿನ ಬೆಳೆಯಲ್ಲಿ ಯೂರಿಯಾ ಅರ್ಧ ಮಾಡಿದರು. ಡ್ರಿಪ್ ಎಳೆಸಿ, ನೀರನ್ನು ದಿನಾ ಸ್ವಲ್ಪ ಸ್ವಲ್ಪ ಕೊಟ್ಟರು. ಕೀಳುವ ಮೂರು ದಿನ ಮುಂಚೆ ಅದನ್ನೂ ಕಡಿಮೆ ಮಾಡಿ ನನಗೆ ಫೋನ್ ಮಾಡಿದರು. "ಗಿಡ ಸೊರಗಿದಂಗೆ ಕಾಣ್ತದೆ ಕಣವ್ವ, ನೀ ಹೇಳ್ದಂಗೇ ಮಾಡೀನಿ" ಅಂದರು. ಆ ಲೋಡನ್ನು 13 ಡಿಗ್ರಿಯಲ್ಲಿ ಇಟ್ಟು, ದಿನಾ ಬೆಳಿಗ್ಗೆ ಹೋಗಿ ಒಂದೊಂದು ಕ್ರೇಟ್ ಅಲುಗಿಸಿ ನೋಡುತ್ತಿದ್ದೆ. ಹನ್ನೊಂದನೇ ದಿನ ಹೊರಗೆ ತೆಗೆದಾಗ ಕೆಳಗಿನ ಕ್ರೇಟುಗಳ ತಳ ಒಣಗಿಯೇ ಇತ್ತು.