ಕೈಯಲ್ಲಿ ಹೋಗದ ಬೋಲ್ಟು

"ಕೈಯಲ್ಲಿ ಹೋಗ್ತಿಲ್ಲ ಅಂದ ಮೇಲೆ ಸ್ಪ್ಯಾನರ್ ಯಾಕೆ ಹಾಕಿದ್ರಿ?"

ಮೆಕ್ಯಾನಿಕ್ ಕೇಳಿದ್ದು ಇಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಪಂಪಿನ ಅಲ್ಯೂಮಿನಿಯಂ ಕವಚದ ತೂತಿಗೆ ಟಾರ್ಚ್ ಹಿಡಿದು, ಉದುರಿದ್ದ ಬೆಳ್ಳಗಿನ ಚೂರುಗಳನ್ನು ತೆಗೆದು, ಮೆಲ್ಲಗೆ ಕೇಳಿದರು. ಮೂರು ದಿನವಾಯಿತು, ಆ ಮಾತು ತಲೆಯಿಂದ ಹೋಗುತ್ತಿಲ್ಲ.

ತೂತು ಎಂ8, ಅಂದರೆ ಎಂಟು ಮಿಲಿಮೀಟರ್ ಬೋಲ್ಟಿನದು; ಪಿಚ್, ಅಂದರೆ ಒಂದು ಹಲ್ಲಿನಿಂದ ಇನ್ನೊಂದಕ್ಕಿರುವ ದೂರ, 1.25 ಮಿಲಿಮೀಟರ್. ಇದು ಕೋರ್ಸ್ ಥ್ರೆಡ್, ದೂರ ದೂರ ಹಲ್ಲಿನದು. ಅದರ ಬೋಲ್ಟು ಕಳೆದಿತ್ತು. ಡಬ್ಬದಲ್ಲಿ ಸಿಕ್ಕಿದ್ದೂ ಎಂ8, ಆದರೆ ಪಿಚ್ 1, ಒತ್ತೊತ್ತಾದ ಹಲ್ಲಿನ ಫೈನ್ ಥ್ರೆಡ್‌ನದು. ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಪ್ರತಿ ಸುತ್ತಿನಲ್ಲಿ ಕಾಲು ಮಿಲಿಮೀಟರ್. ಒಂದೆರಡು ಸುತ್ತು ಹೋಗಿ ಹಿಡಿದುಕೊಂಡಿತು. "ಫೈನ್ ಥ್ರೆಡ್ ಜಾಸ್ತಿ ಗಟ್ಟಿ, ಬಿಗಿ ಮಾಡು" ಎಂದರು ಪಕ್ಕದಲ್ಲಿದ್ದ ಭಾವ. ಮಾಡಿದೆ. ಮೊದಲು ಕಿರಗುಟ್ಟಿತು, ಆಮೇಲೆ ಸುಮ್ನೆ ಸುತ್ತತೊಡಗಿತು.

ಭಾವ ಹೇಳಿದ್ದು ಸುಳ್ಳಲ್ಲ. ಫೈನ್ ಥ್ರೆಡ್‌ನ ಹಲ್ಲು ಆಳವಿಲ್ಲ, ಹಾಗಾಗಿ ಬೋಲ್ಟಿನ ಒಡಲು ದಪ್ಪ ಉಳಿಯುತ್ತದೆ. ಎಂ8ರಲ್ಲಿ ಎಳೆತ ತಡೆಯುವ ಭಾಗ ಕೋರ್ಸ್‌ನಲ್ಲಿ 36.6 ಚದರ ಮಿಲಿಮೀಟರ್ ಇದ್ದರೆ ಫೈನ್‌ನಲ್ಲಿ 39.2. ಉಕ್ಕಿಗೆ ಉಕ್ಕು ಬಿಗಿಯುವಲ್ಲಿ, ಅದುರುವ ಜಾಗದಲ್ಲಿ, ಕೂದಲೆಳೆಯಷ್ಟು ಹೊಂದಿಸಬೇಕಾದಲ್ಲಿ ಅದು ಒಳ್ಳೆಯದೇ. ಆದರೆ ಅಲ್ಯೂಮಿನಿಯಂನಲ್ಲಿ ಮೊದಲು ಸೋಲುವುದು ಬೋಲ್ಟಲ್ಲ, ತೂತು! ಮೆತ್ತಗಿನ ಲೋಹಕ್ಕೆ, ಬೀಡುಕಬ್ಬಿಣಕ್ಕೆ ಕೋರ್ಸ್ ಥ್ರೆಡ್ಡೇ ಸರಿ. ಅದರ ಹಲ್ಲು ಆಳವಾಗಿ ಕಚ್ಚುತ್ತದೆ. ಸ್ವಲ್ಪ ಕೊಳೆ, ಸಣ್ಣ ಪೆಟ್ಟು ತಡೆದುಕೊಳ್ಳುತ್ತದೆ. ಓರೆಯಾಗಿ ಹತ್ತುವುದೂ ಕಡಿಮೆ.

ಭಾವ ಏನೇ ಕೇಳಿದರೂ ತಕ್ಷಣ ಉತ್ತರ ಕೊಡುವವರು. ಒಳ್ಳೆಯ ಮನುಷ್ಯ, ಆದರೆ 'ಯಾವುದರೊಳಗೆ ಹಾಕ್ತಿದ್ದೀಯ' ಎಂದು ಕೇಳುವುದಿಲ್ಲ. ಮೆಕ್ಯಾನಿಕ್ ಮೊದಲು ನೋಡಿದ್ದೇ ತೂತನ್ನು.

ಕೈಯಲ್ಲಿ ಹೋಗ್ತಿಲ್ಲ ಅಂದ ಮೇಲೆ ಯಾಕೆ? ಈ ಪ್ರಶ್ನೆ ಬಂದಾಗಲೆಲ್ಲ ಮಗಳ ನೆನಪಾಗುತ್ತದೆ. ನಾನು ಬೆಳಗಿನ ಜಾವ ಎದ್ದು ಓದಿದವನು, ಅದು ನನಗೆ ಒಗ್ಗಿತ್ತು. ಅವಳೂ ಹಾಗೇ ಓದಲಿ ಎಂದು ಒಂದು ವರ್ಷ ಎಬ್ಬಿಸಿದೆ. ಅವಳು ಮೌನವಾಗುತ್ತಾ ಹೋದಳು. ಎಲ್ಲೋ ಹಿಡಿದುಕೊಳ್ಳುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಆದರೂ ಬಿಗಿ ಮಾಡಿದೆ. ಆ ವರ್ಷದ ಬಗ್ಗೆ ನಾವಿಬ್ಬರೂ ಇವತ್ತಿಗೂ ಮಾತಾಡಿಲ್ಲ.

ಮೆಕ್ಯಾನಿಕ್ ತೂತನ್ನು ದೊಡ್ಡದು ಮಾಡಿ, ಟ್ಯಾಪ್ ಹೊಡೆದು ಹೊಸ ಹಲ್ಲು ಕೊರೆದು, ಬೋಲ್ಟು ಹಿಡಿಯಲು ಅದರೊಳಗೆ ಸ್ಟೀಲ್ ತಂತಿಯ ಸುರುಳಿ ಕೂರಿಸಿದರು. ಸರಿಯಾದ ಬೋಲ್ಟನ್ನು ನನ್ನ ಕೈಗೇ ಕೊಟ್ಟು "ಬೆರಳಲ್ಲೇ ಹಾಕಿ" ಎಂದರು. ಎರಡು, ಮೂರು, ನಾಲ್ಕು ಸುತ್ತು. ಎಲ್ಲೂ ತಡೆಯಲಿಲ್ಲ. ತಲೆ ಬಂದು ಕವಚಕ್ಕೆ ಕೂತ ಮೇಲೆ ಸ್ಪ್ಯಾನರ್ ಕೊಟ್ಟರು.